ಹೆಬ್ಬಾಳದ ಉಸ್ತಾದ್, ಪನ್ವೇಲಿನ ಕೋಚ್

ಭಾನುವಾರ ನಸುಕಿನಲ್ಲಿ ದಿವಾ ಸ್ಟೇಷನ್ನಿಗೆ ಬಂದವರ ಕೈಚೀಲ ನೋಡಿದರೆ ಯಾರು ಎಲ್ಲಿಗೆ ಹೊರಟಿದ್ದಾರೆಂದು ಹೇಳಿಬಿಡಬಹುದು. ಮೀನಿನ ಬುಟ್ಟಿ, ಹೂವಿನ ಗಂಟು, ಕೊತ್ತಂಬರಿ ಕಟ್ಟು, ರಜೆಯಿಲ್ಲದವರ ಟಿಫಿನ್ ಡಬ್ಬಿ. ನನ್ನ ಚೀಲದಿಂದ ಮಾತ್ರ ಮೊಣಕಾಲುದ್ದದ ಬೂಟು ಇಣುಕುತ್ತಿರುತ್ತದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಮಾವಶಿ ಅದನ್ನು ನೋಡಿ, "ಪೊಲೀಸಾ?" ಎಂದು ಕೇಳಿದರು. ಅಲ್ಲ, ಕುದುರೆ ಸವಾರಿ ಕಲಿಯಲು ಹೋಗುತ್ತಿದ್ದೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲಗ್ನಾಚೀ ಘೋಡೀ?" ಎಂದರು. ಅವರ ತಪ್ಪಿಲ್ಲ. ನಮ್ಮ ದಿವಾದಲ್ಲಿ ಕುದುರೆ ಕಾಣುವುದು ಮದುವೆ ಮೆರವಣಿಗೆಯಲ್ಲಿ ಮಾತ್ರ.

ದಿವಾ ಎಲ್ಲಿದೆ ಎಂದು ಊರಿನವರಿಗೆ ವಿವರಿಸುವುದೇ ಒಂದು ಕೆಲಸ. ಸೆಂಟ್ರಲ್ ಲೈನಿನಲ್ಲಿ ಠಾಣೆ ದಾಟಿ, ಕಳವಾ, ಮುಂಬ್ರಾ ಆದ ಮೇಲೆ ಬರುವ ಜಂಕ್ಷನ್. ಕರಾವಳಿಯವರಿಗೆ ಗುರುತು ಹೇಳುವುದು ಸುಲಭ: ಕುರ್ಲಾದಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕಲ್ಯಾಣದ ಹಾದಿ ಬಿಟ್ಟು ಪನ್ವೇಲ್ ಕಡೆ ತಿರುಗುವುದು ಇಲ್ಲಿಯೇ. ನಾನು ಕರಾವಳಿಯವಳಲ್ಲ, ಹಾವೇರಿ ಜಿಲ್ಲೆಯವಳು. ಓದಿದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಈಗ ನವಿ ಮುಂಬೈಯ ಒಂದು ಪಶು ಆಹಾರ ಕಂಪನಿಯಲ್ಲಿ ಕೆಲಸ. ಅಲ್ಲಿಯ ಬಾಡಿಗೆ ನಮ್ಮ ಸಂಬಳಕ್ಕೆ ಒಗ್ಗದ ಕಾರಣ ಮನೆ ದಿವಾದಲ್ಲಿ. ವಾರದ ದಿನಗಳಲ್ಲಿ ದಿವಾದಿಂದ ಠಾಣೆ, ಠಾಣೆಯಿಂದ ಕೋಪರ್‌ಖೈರಣೆ. ಭಾನುವಾರ ಮಾತ್ರ ಉಲ್ಟಾ ದಿಕ್ಕು. ದಾತಿವಲಿ, ನಿಳಜೆ, ತಳೋಜಾ, ಕಳಂಬೋಲಿ ದಾಟಿ ಪನ್ವೇಲ್, ಅಲ್ಲಿಂದ ಶೇರ್ ಆಟೋದಲ್ಲಿ ಊರಾಚೆಯ ಒಂದು ಚಿಕ್ಕ ಸವಾರಿ ಶಾಲೆ.

ಹತ್ತು ವರ್ಷ ಕುದುರೆ ಮುಟ್ಟದೆ ಇದ್ದವಳು ಮತ್ತೆ ಹತ್ತಲು ಹೋದೆ. ಬಿಟ್ಟಲ್ಲಿಂದ ಶುರು ಮಾಡಬಹುದು ಅಂದುಕೊಂಡಿದ್ದೆ. ಆದರೆ ಹೊಸ ಕೋಚ್ ಎದುರಿಗೆ ನನ್ನ ಹಳೆಯ ವಿದ್ಯೆಯೇ ನನಗೆ ಅಡ್ಡ ಬಂತು. ಅದರ ಕಥೆ ಇದು.

ಒಂದು ರೂಪಾಯಿಯ ಪಾಠ

ನನ್ನಂಥ ಮಾಸ್ತರರ ಮನೆಯ ಹುಡುಗಿಗೆ ಕುದುರೆ ಸಿಕ್ಕಿದ್ದು ಎನ್‌ಸಿಸಿಯಿಂದ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಎಂಬ ಕುದುರೆ ಘಟಕವಿದೆ. ಪಶುವೈದ್ಯಕೀಯ ಕಾಲೇಜು ಇರುವಲ್ಲಿ ಇಂಥ ಘಟಕ ಇರುವುದುಂಟು, ಹೆಬ್ಬಾಳದಲ್ಲೂ ಇದೆ. ಕ್ಲಬ್ಬುಗಳಲ್ಲಿ ಸಾವಿರಗಟ್ಟಲೆ ಕೊಟ್ಟು ಕಲಿಯುವುದನ್ನು ನಾವು ಬೆಳಗಿನ ಚಳಿಯಲ್ಲಿ ಸೆಗಣಿ ಬಾಚಿ, ಮೈ ಉಜ್ಜಿ, ಪುಕ್ಕಟೆ ಕಲಿತೆವು.

ಕಲಿಸಿದವರು ಸೇನೆಯಿಂದ ಬಂದ ದಫೇದಾರರು. ರಾಜಸ್ಥಾನದವರು. ಸೇನೆಯಲ್ಲಿ ಕಲಿಸುವವರನ್ನೆಲ್ಲ ಉಸ್ತಾದ್ ಎಂದೇ ಕರೆಯುವುದು, ನಾವೂ ಹಾಗೇ ಕರೆದೆವು. ಅವರ ಪಾಠ ಮೂರೇ ವಾಕ್ಯದ್ದು: "ಏಡೀ ನೀಚೇ! ಛಾತೀ ಬಾಹರ್! ನಜರ್ ಸಾಮ್ನೇ!" ಹಿಮ್ಮಡಿ ಕೆಳಗೆ, ಎದೆ ಮುಂದೆ, ಕಣ್ಣು ನೇರ. ಯಾಕೆ ಎಂದು ಕೇಳುವಂತಿಲ್ಲ. ಮೊಣಕಾಲಿಗೂ ಜೀನಿಗೂ ನಡುವೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಮೂರು ಸುತ್ತು ಮುಗಿಯುವ ಮೊದಲು ಅದು ಬಿದ್ದರೆ ಕುದುರೆಯಿಂದಿಳಿದು ನಾವೇ ಒಂದು ಸುತ್ತು ಓಡಬೇಕು. ಬಿದ್ದರೆ ಧೂಳು ಕೊಡವುವ ಮೊದಲೇ ಮತ್ತೆ ಹತ್ತಬೇಕು. ಅಳುವವರಿಗೆ ಅಳುತ್ತಲೇ ಹತ್ತುವ ಸ್ವಾತಂತ್ರ್ಯವಿತ್ತು.

ಅವರನ್ನು ಕಂಡರೆ ಹೆದರಿಕೆಯಿತ್ತು, ಅಷ್ಟೇ ಪ್ರೀತಿಯೂ ಇತ್ತು. ಅವರು ಬೈದ ದಿನ ಊಟ ಸೇರುತ್ತಿರಲಿಲ್ಲ. ಒಮ್ಮೆ "ಶಾಬಾಶ್" ಎಂದರೆ ಆ ವಾರವೆಲ್ಲ ಹಬ್ಬ. ನಾನು ಸವಾರಿ ಎಂದರೆ ಇದೇ ಎಂದುಕೊಂಡೆ. ಬೇರೆ ಬಗೆ ಇರಬಹುದೆಂದು ಹೊಳೆದೇ ಇರಲಿಲ್ಲ.

"ಏನನ್ನಿಸಿತು, ತಾಈ?"

ಪನ್ವೇಲಿನ ಕೋಚ್ ನನಗಿಂತ ಏಳು ವರ್ಷ ಚಿಕ್ಕವರು. ಮರಾಠಿ ಹುಡುಗಿ, ಯುರೋಪಿನಲ್ಲಿ ಕೆಲಕಾಲ ತರಬೇತಿ ಪಡೆದು ಬಂದವರು. ನನ್ನನ್ನು ತಾಈ ಎನ್ನುತ್ತಾರೆ, ಅಂದರೆ ಅಕ್ಕ. ನಾನು ಅವರನ್ನು ಮ್ಯಾಡಂ ಎನ್ನುತ್ತೇನೆ. ಅಕ್ಕ ಶಿಷ್ಯೆ, ತಂಗಿ ಗುರು. ಮೊದಲ ಮುಜುಗರ ಅಲ್ಲಿಂದಲೇ ಶುರುವಾಯಿತು.

ಮೊದಲ ದಿನ ನನ್ನ ಕೈಗೆ ಲಗಾಮು ಕೊಡಲೇ ಇಲ್ಲ. ಉದ್ದ ಹಗ್ಗದ ತುದಿ ತಮ್ಮ ಕೈಯಲ್ಲಿ ಹಿಡಿದು, ಕುದುರೆಯನ್ನು ತಮ್ಮ ಸುತ್ತ ನಡೆಸುತ್ತಾ, ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಈಗ ಯಾವ ಕಾಲು ನೆಲಕ್ಕೆ ಬಿತ್ತು?" ಎಂದು ಕೇಳಿದರು.

ಪಶುವೈದ್ಯೆಗೆ ಎಂಥ ಪ್ರಶ್ನೆ! ಕುದುರೆಯ ನಡಿಗೆಯಲ್ಲಿ ನಾಲ್ಕು ತಾಳ ಎಂದು ನನಗೆ ಗೊತ್ತು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಟ್ರಾಟ್ ಓಟದಲ್ಲಿ ಕರ್ಣಕ್ಕಿರುವ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಎರಡು ತಾಳ. ಕ್ಯಾಂಟರಿನಲ್ಲಿ ಮೂರು. ಕುದುರೆಗೆ ನಮ್ಮ ಹಾಗೆ ಕೊರಳೆಲುಬು ಇಲ್ಲ, ಇಡೀ ಎದೆಗೂಡು ಮುಂಗಾಲುಗಳ ನಡುವೆ ಸ್ನಾಯುಗಳ ತೊಟ್ಟಿಲಲ್ಲಿ ತೂಗುತ್ತದೆ ಎಂದೂ ಗೊತ್ತು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆದರೆ ಕಣ್ಣು ಮುಚ್ಚಿ ಕೂತಾಗ ಯಾವ ಕಾಲು ಯಾವಾಗ ಬೀಳುತ್ತಿದೆ ಎಂಬುದು ಒಂದು ಚೂರೂ ತಿಳಿಯಲಿಲ್ಲ. ಆರು ಸಲ ಹೇಳಿದೆ, ಐದು ಸಲ ತಪ್ಪು.

"ಪರವಾಗಿಲ್ಲ. ಏನನ್ನಿಸಿತು?" ಎಂದರು.

ಈ ಪ್ರಶ್ನೆಯೇ ನನಗೆ ದೊಡ್ಡ ಕಾಟವಾಯಿತು. ಪ್ರತಿ ಸುತ್ತು ಮುಗಿದಾಗ "ಏನನ್ನಿಸಿತು?" ಸರಿ ಬಂತೋ ತಪ್ಪಾಯಿತೋ ಅವರು ಹೇಳುವುದಿಲ್ಲ, ನಾನೇ ಹೇಳಬೇಕು. ದುಡ್ಡು ಕೊಟ್ಟು ಬಂದಿದ್ದೇನೆ, ತಪ್ಪು ತಿದ್ದುವುದು ಬಿಟ್ಟು ನನ್ನನ್ನೇ ಕೇಳುತ್ತಾರಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಮೂರನೆಯ ವಾರ ಅವರು ಹೇಳಿದ ಮಾತು ಇನ್ನೂ ಚುಚ್ಚಿತು: "ಮೊಣಕಾಲು ಸಡಿಲ ಬಿಡಿ ತಾಈ. ಬಟ್ಟೆಗೆ ಹಾಕುವ ಕ್ಲಿಪ್ಪನ್ನು ಕೆಳಗೆ ಒತ್ತಿ ಹಿಡಿದರೆ ಅದು ಮೇಲಕ್ಕೆ ಜಾರುತ್ತಲ್ಲ, ನೀವೂ ಹಾಗೆಯೇ ಜೀನಿನಿಂದ ಮೇಲಕ್ಕೆ ಜಾರ್ತಾ ಇದ್ದೀರಿ."

ಮೊಣಕಾಲು ಸಡಿಲ ಬಿಡುವುದೆ? ಹಾಗಾದರೆ ನಾನು ಹಿಡಿದಿಟ್ಟ ಆ ನಾಣ್ಯಗಳೆಲ್ಲ?

ಮನೆಗೆ ಬಂದು ಯಜಮಾನರ ಎದುರು ಕೂಗಾಡಿದೆ. "ಅವರಿಗೆ ಕಲಿಸೋಕೆ ಬರಲ್ಲ. ಉಸ್ತಾದ್ ಇದ್ದಿದ್ರೆ..." ಅವರು ಪೇಪರಿನಿಂದ ತಲೆಯೆತ್ತದೆ, "ಉಸ್ತಾದ್ ಇದ್ದಿದ್ರೆ ಇಷ್ಟೊತ್ತಿಗೆ ನೀನು ಒಂದು ಸುತ್ತು ಓಡ್ತಾ ಇರ್ತಿದ್ದೆ" ಎಂದರು.

ಬಿದ್ದ ಭಾನುವಾರ

ನನಗೆ ಕೊಟ್ಟಿದ್ದ ಕುದುರೆಯ ಹೆಸರು ಭೋಲಾ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ವಯಸ್ಸು ಒಂಬತ್ತು. ರೇಸಿನಿಂದ ನಿವೃತ್ತನಾಗಿ ಬಂದವನು. ನಮ್ಮ ದೇಶದ ಎಷ್ಟೋ ಸವಾರಿ ಶಾಲೆಗಳಲ್ಲಿ ಇರುವುದು ಇಂಥ ಕುದುರೆಗಳೇ. ರೇಸಿನ ಕುದುರೆ ಎರಡನೆಯ ವಯಸ್ಸಿಗೇ ಓಡಲು ಶುರು ಮಾಡುತ್ತದೆ. ಓಟದ ಆಯುಷ್ಯ ಕೆಲವೇ ವರ್ಷ, ಬದುಕಿನ ಆಯುಷ್ಯ ಇಪ್ಪತ್ತೈದರ ಮೇಲೆ. ಉಳಿದ ಕಾಲಕ್ಕೆ ಎಲ್ಲಾದರೂ ಹೊಸ ಕೆಲಸ ಕಲಿಯಲೇಬೇಕು.

ಎಂಟನೆಯ ವಾರ. ಹಗ್ಗದಿಂದ ಬಿಡುಗಡೆಯಾಗಿ, ಲಗಾಮು ನನ್ನ ಕೈಗೆ ಬಂದಿತ್ತು. ಟ್ರಾಟಿನಲ್ಲಿ ಭೋಲಾ ಸ್ವಲ್ಪ ಜೋರಾದ. ನನ್ನ ಕೈ ತಾನಾಗಿಯೇ ಹೆಬ್ಬಾಳಕ್ಕೆ ಹೋಯಿತು. ಲಗಾಮು ಗಿಡ್ಡ ಮಾಡಿದೆ, ಮೊಣಕಾಲು ಬಿಗಿದೆ, ಮುಂದಕ್ಕೆ ಬಾಗಿದೆ. ಸೇನೆಯ ಕುದುರೆಯಾಗಿದ್ದರೆ ನಿಧಾನವಾಗುತ್ತಿತ್ತು. ಆದರೆ ರೇಸಿನಲ್ಲಿ ಜಾಕಿ ಲಗಾಮು ಬಿಗಿಹಿಡಿದು ಮುಂದಕ್ಕೆ ಬಾಗಿದರೆ ಕುದುರೆ ಆ ಬಿಗಿಗೇ ಒರಗಿಕೊಂಡು ಓಡಲು ಕಲಿತಿರುತ್ತದೆ. ನಾನು "ನಿಲ್ಲು" ಎಂದೆ, ಅವನಿಗೆ "ಓಡು" ಎಂದು ಕೇಳಿಸಿತು. ನಾನು ಇನ್ನೂ ಎಳೆದೆ, ಅವನು ಇನ್ನೂ ಓಡಿದ. ಮೂಲೆಯಲ್ಲಿ ಅವನು ಎಡಕ್ಕೆ ತಿರುಗಿದ, ನಾನು ನೇರ ಹೋದೆ.

ಬಲ ಭುಜ ನೆಲಕ್ಕೆ ಬಡಿಯಿತು. ಉರುಳುವುದನ್ನು ಉಸ್ತಾದ್ ಕಲಿಸಿದ್ದರಿಂದ ಮೂಳೆ ಉಳಿಯಿತು. ಎದ್ದೆ, ಧೂಳು ಕೊಡವಲಿಲ್ಲ, ನೇರ ಕುದುರೆಯ ಕಡೆ ನಡೆದೆ. ಕೋಚ್ ಅಡ್ಡ ನಿಂತರು. "ಇವತ್ತು ಬೇಡ."

ಹೆಲ್ಮೆಟ್ ತೆಗೆಸಿ ಕಣ್ಣು ನೋಡಿದರು, ತಾರೀಕು ಕೇಳಿದರು, ಕತ್ತು ತಿರುಗಿಸಿ ಎಂದರು. ಆಮೇಲೆ ಭೋಲಾನ ಹಗ್ಗ ನನ್ನ ಕೈಗಿತ್ತು, ಅವನ ಜೊತೆ ಸುಮ್ಮನೆ ಹತ್ತು ನಿಮಿಷ ನಡೆಯಿರಿ ಎಂದರು. ಬಿದ್ದ ಕೂಡಲೇ ಹತ್ತದಿದ್ದರೆ ಹೆದರಿಕೆ ಮೈಯಲ್ಲಿ ಕೂತುಬಿಡುತ್ತದೆ ಎಂದು ನಂಬಿದ್ದವಳಿಗೆ ಇದು ಶಿಕ್ಷೆಯಂತೆ ಕಂಡಿತು. ತಲೆಗೆ ಪೆಟ್ಟು ಬಿದ್ದಿದ್ದರೆ ಅದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ಎರಡನೆಯ ಸಲ ಬಿದ್ದರೆ ಅಪಾಯ ಹೆಚ್ಚು ಎಂದು ಅವರು ಆಮೇಲೆ ವಿವರಿಸಿದರು. ಅಂತರರಾಷ್ಟ್ರೀಯ ಜಿಗಿತದ ಸ್ಪರ್ಧೆಯಲ್ಲೂ ಸವಾರ ಬಿದ್ದರೆ ಅಲ್ಲಿಗೇ ಅವನ ಸುತ್ತು ಮುಗಿಯುತ್ತದೆ. ವೈದ್ಯೆಯಾಗಿ ನನಗೆ ಇದು ಸರಿಯೆನಿಸಿತು. ಆದರೆ ಶಿಷ್ಯೆಯಾಗಿ ಅವಮಾನವೇ ಆಯಿತು.

ಸಂಜೆ ಅವ್ವನಿಗೆ ಫೋನ್ ಮಾಡಿ ಬಾಯಿತಪ್ಪಿ ಹೇಳಿಬಿಟ್ಟೆ. "ಕುದುರಿ ಹತ್ತಿ ನೀ ಯಾವ ಯುದ್ಧಕ್ಕ ಹೊಂಟೀಯವಾ? ಸೊಂಟ ಮುರಕೊಂಡ್ರ ಅಲ್ಲಿ ನೋಡಾವರು ಯಾರ ಅದಾರ?" ಎಂದಳು. ಅವಳ ಪ್ರಶ್ನೆಗೆ ಉತ್ತರವಿರಲಿಲ್ಲ. ಪರವೂರಿನಲ್ಲಿ ಇರುವವರಿಗೆ ಆಸೆಯ ಜೊತೆ ಈ ಲೆಕ್ಕವೂ ಇರುತ್ತದಲ್ಲ. ಬಿದ್ದರೆ ಆಫೀಸಿಗೆ ಯಾರು ಹೋಗುತ್ತಾರೆ, ಲೋಕಲಿನಲ್ಲಿ ಒಂದೇ ಕೈಯಲ್ಲಿ ಹೇಗೆ ನಿಲ್ಲುವುದು? ನೋಯುವ ಭುಜ ಹೊತ್ತು ಸೋಮವಾರ ದಿವಾದಲ್ಲಿ ಗಾಡಿ ಹತ್ತಿದಾಗ ಬಿಟ್ಟುಬಿಡೋಣ ಅನಿಸಿತು. ಎರಡು ಭಾನುವಾರ ಹೋಗಲಿಲ್ಲ.

ಭೋಲಾನಿಗೂ ಹೊಸ ಗುರು

ಮೂರನೆಯ ಭಾನುವಾರ ಹೋದದ್ದು ಉಳಿದ ತರಗತಿಗಳ ಹಣ ವಾಪಸ್ ಕೇಳಲು. ಶಾಲೆಯಲ್ಲಿ ಕೋಚ್ ಭೋಲಾನಿಗೆ ತಾವೇ ಪಾಠ ಮಾಡುತ್ತಿದ್ದರು. ಸಾಯಿಸ್ ನನಗೊಂದು ಕುರ್ಚಿ ತಂದುಕೊಟ್ಟರು. (ಕುದುರೆ ನೋಡಿಕೊಳ್ಳುವವರನ್ನು ಇಲ್ಲಿ ಸಾಯಿಸ್ ಎನ್ನುತ್ತಾರೆ. "ಏ ಸಾಯಿಸ್!" ಎಂದು ಯಾರೋ ಕೂಗಿದಾಗ ಮೊದಲ ದಿನ ನಾನು ಬೆಚ್ಚಿಬಿದ್ದಿದ್ದೆ. ಕನ್ನಡ ಕಿವಿಗೆ ಅದು ಕೇಳುವ ಬಗೆಯೇ ಬೇರೆ.)

ಭೋಲಾ ಜೋರಾದಾಗಲೆಲ್ಲ ಅವರು ಎಳೆಯುತ್ತಿರಲಿಲ್ಲ. ಉಸಿರು ಬಿಟ್ಟು, ಜೀನಿನಲ್ಲಿ ಭಾರವಾಗಿ ಕೂತು, ಲಗಾಮನ್ನು ಒಂದು ಕ್ಷಣ ಹಿಡಿದು ಕೂಡಲೇ ಸಡಿಲಿಸುತ್ತಿದ್ದರು. ಒರಗಲು ಏನೂ ಸಿಗದೆ ಭೋಲಾ ಗೊಂದಲಕ್ಕೆ ಬೀಳುತ್ತಿದ್ದ. ಕಿವಿ ಹಿಂದೆ ಮುಂದೆ ಆಡಿಸುತ್ತಿದ್ದ, ಬಾಯಿ ಕಚ್ಚುತ್ತಿದ್ದ. ಇಪ್ಪತ್ತು ಸುತ್ತಿಗೆ ಒಮ್ಮೆ ಅರ್ಥವಾಗಿ ನಿಧಾನಿಸುತ್ತಿದ್ದ. ಆಗ ಅವರು ಕತ್ತು ಸವರುತ್ತಿದ್ದರು. ಮತ್ತೆ ಮರೆಯುತ್ತಿದ್ದ, ಮತ್ತೆ ಮೊದಲಿನಿಂದ.

ಅವನು ಗೊಂದಲಗೊಂಡ ರೀತಿ ನನ್ನದೇ ಅನಿಸಿತು. ಅವನ ಮೊದಲ ಗುರು ಕಲಿಸಿದ್ದು ತಪ್ಪೇನಲ್ಲ. ರೇಸಿಗೆ ಅದು ಬೇಕಿತ್ತು, ಅವನು ಅದನ್ನು ಚೆನ್ನಾಗಿಯೇ ಕಲಿತ. ಈಗ ಊರು ಬದಲಾಗಿದೆ, ಕೆಲಸ ಬದಲಾಗಿದೆ, ಅದೇ ಲಗಾಮಿಗೆ ಬೇರೆ ಅರ್ಥ ಹೇಳುತ್ತಿದ್ದಾರೆ. ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವ ಪ್ರಾಣಿ ಅದು. ನಾನು ಅದರ ಬೆನ್ನ ಮೇಲೆ ಕೂತು, ನನ್ನ ಹಳೆಯ ಗುರುವಿನ ಭಾಷೆಯಲ್ಲಿ, ಅದರ ಹಳೆಯ ಗುರುವಿನ ಆಜ್ಞೆ ಕೊಟ್ಟಿದ್ದೆ. ಇಬ್ಬರೂ ಕಲಿತದ್ದನ್ನೇ ಪ್ರಾಮಾಣಿಕವಾಗಿ ಮಾಡಿದ್ದೆವು.

ಹಣ ವಾಪಸ್ ಕೇಳಲಿಲ್ಲ. ಬೂಟು ಹಾಕಿಕೊಂಡೆ.

ಗುರು ಬದಲಾದವರು

ಆ ವಾರ ಲೋಕಲಿನಲ್ಲಿ ಓದಲು ಶುರು ಮಾಡಿದೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ನೆನಪಾದರು. ಅವರ ತಂದೆ ಕುದುರೆಗಳ ವೈದ್ಯರಾದ್ದರಿಂದ ನಮ್ಮ ಕಾಲೇಜಿನವರಿಗೆ ಆ ಹೆಸರು ಮೊದಲೇ ಪರಿಚಿತ. ಬೆಂಗಳೂರಿನ ಎಂಬೆಸಿ ರೈಡಿಂಗ್ ಸ್ಕೂಲಿನಲ್ಲಿ ಬೆಳೆದ ಹುಡುಗ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ವೈಯಕ್ತಿಕವಾಗಿಯೂ ತಂಡದಲ್ಲಿಯೂ ಬೆಳ್ಳಿ ಗೆದ್ದರು. 1982ರ ದೆಹಲಿ ಏಷ್ಯಾಡ್ ಬಳಿಕ ಭಾರತಕ್ಕೆ ಕುದುರೆ ಸವಾರಿಯಲ್ಲಿ ವೈಯಕ್ತಿಕ ಪದಕ ಬಂದದ್ದು ಆಗಲೇ. ಆಮೇಲೆ ಜರ್ಮನಿಯಲ್ಲಿ ಸಾಂಡ್ರಾ ಔಫಾರ್ತ್ ಅವರ ಬಳಿ ತರಬೇತಿ. 2014ರ ವಿಶ್ವ ಚಾಂಪಿಯನ್ ಆಕೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಿರ್ಜಾ ಅಂತಿಮ ಸುತ್ತು ತಲುಪಿ 23ನೆಯವರಾದರು. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ಮೇಲೆ ಒಲಿಂಪಿಕ್ಸ್ ಕುದುರೆ ಸವಾರಿಯಲ್ಲಿ ಭಾರತದವರೊಬ್ಬರು ಕಾಣಿಸಿಕೊಂಡದ್ದು ಇಪ್ಪತ್ತೊಂದು ವರ್ಷದ ನಂತರ. ಅಂಥವರೂ ಏಷ್ಯಾದ ಬೆಳ್ಳಿ ಕೊರಳಲ್ಲಿದ್ದಾಗಲೇ ಇನ್ನೊಬ್ಬರ ಎದುರು ಶಿಷ್ಯನಾಗಿ ನಿಲ್ಲಬೇಕಾಯಿತು. ನನ್ನ ಕೊರಳಲ್ಲಿ ಎನ್‌ಸಿಸಿಯ ಒಂದು ಸರ್ಟಿಫಿಕೇಟ್ ಕೂಡ ನೇತಾಡುತ್ತಿರಲಿಲ್ಲ, ಅದು ಊರಿನ ಟ್ರಂಕಿನಲ್ಲಿತ್ತು.

ಇನ್ನೂ ಹಿಂದಕ್ಕೆ ಹೋದರೆ ಕಿಕ್ಕುಲಿ ಎಂಬ ಕುದುರೆ ಶಿಕ್ಷಕ ಸಿಗುತ್ತಾನೆ. ಮಿತನ್ನಿ ಎಂಬ ರಾಜ್ಯದವನು. ಇಂದಿನ ಟರ್ಕಿಯಲ್ಲಿದ್ದ ಹಿಟ್ಟೈಟರಿಗಾಗಿ ರಥದ ಕುದುರೆ ಪಳಗಿಸುವ ವಿಧಾನವನ್ನು ಜೇಡಿಮಣ್ಣಿನ ಫಲಕಗಳ ಮೇಲೆ ಬಿಟ್ಟುಹೋಗಿದ್ದಾನೆ. ಸುಮಾರು ಕ್ರಿ.ಪೂ. 14ನೇ ಶತಮಾನದ್ದು. ಬರಹವೆಲ್ಲ ಹಿಟ್ಟೈಟ್ ಭಾಷೆಯಲ್ಲಿ. ಆದರೆ ಕುದುರೆಯ ಸುತ್ತುಗಳನ್ನು ಎಣಿಸುವಾಗ ಮಾತ್ರ ಐಕ, ತೇರ, ಪಂಜ, ಸತ್ತ ಎಂಬ ಪದಗಳು ಬರುತ್ತವೆ. ನಮ್ಮ ಏಕ, ತ್ರಿ, ಪಂಚ, ಸಪ್ತಗಳ ಬಂಧುಗಳು. ಪರದೇಶದಲ್ಲಿ ಪಾಠ ಹೇಳುವಾಗಲೂ ಎಣಿಕೆ ಮಾತ್ರ ಕಲಿತ ಭಾಷೆಯದೇ ಉಳಿದಿತ್ತು. ಹೆಬ್ಬಾಳದಲ್ಲಿ ಉಸ್ತಾದ್ ನಮಗೆ "ಏಕ್ ದೋ, ಏಕ್ ದೋ" ಎಂದು ಎಣಿಸಿದ ಹಾಗೆ.

ಮೂರನೆಯವನು ಗ್ರೀಸಿನ ಕ್ಸೆನೊಫೋನ್. ಕ್ರಿ.ಪೂ. 4ನೇ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದ. ಶುರುವಿನಲ್ಲೇ ತನಗಿಂತ ಮೊದಲು ಇದೇ ವಿಷಯ ಬರೆದ ಸೈಮನ್ ಎಂಬ ಸವಾರನನ್ನು ನೆನೆಯುತ್ತಾನೆ. ಸೈಮನ್ ಹೇಳಿದ್ದರಲ್ಲಿ ತನಗೆ ಒಪ್ಪಿಗೆಯಾದದ್ದನ್ನು ಕೈಬಿಡದೆ ಸಂತೋಷದಿಂದ ಮುಂದಕ್ಕೆ ಕೊಡುತ್ತೇನೆ, ಅವನು ಬಿಟ್ಟದ್ದನ್ನು ಸೇರಿಸುತ್ತೇನೆ ಎಂಬ ಅರ್ಥದ ಮಾತು ಅದು. ಹಳೆಯ ಗುರುವನ್ನು ಹೊಸ ಗುರುವಿನ ಜೊತೆ ಒಂದೇ ಮನೆಯಲ್ಲಿ ಇರಿಸಿಕೊಳ್ಳಬಹುದು ಎಂಬುದು ನನಗೆ ಆವತ್ತು ಮುಂಬ್ರಾ ತಿರುವಿನಲ್ಲಿ, ಜನರ ನಡುವೆ ಒತ್ತಿಕೊಂಡು ನಿಂತಾಗ ಹೊಳೆಯಿತು.

ರಿಕಾಪು ಬಿಟ್ಟಾಗ

ಮುಂದಿನ ಭಾನುವಾರ ತರಗತಿಗೆ ಮೊದಲು ಕೋಚ್‌ಗೆ ಎಲ್ಲ ಹೇಳಿದೆ. ಉಸ್ತಾದ್, ನಾಣ್ಯ, ಓಟ, ಅಳುತ್ತಾ ಹತ್ತಿದ್ದು. ಅವರು ನಗಲಿಲ್ಲ. "ಇದನ್ನು ಮೊದಲ ದಿನವೇ ನಾನು ಕೇಳಬೇಕಿತ್ತು" ಎಂದರು. ಸ್ವಲ್ಪ ಯೋಚಿಸಿ, "ರಿಕಾಪು ಇಲ್ಲದೆ ಟ್ರಾಟ್ ಮಾಡಿಸುತ್ತಿದ್ದರಾ?" ಎಂದು ಕೇಳಿದರು.

ಮಾಡಿಸುತ್ತಿದ್ದರಾ? ನಮ್ಮ ಬೆಳಗು ಶುರುವಾಗುತ್ತಿದ್ದುದೇ "ರಿಕಾಬ್ ಛೋಡ್!" ಎಂಬ ಕೂಗಿನಿಂದ. ರಿಕಾಪಿನಿಂದ ಪಾದ ತೆಗೆದು, ಅವೆರಡನ್ನೂ ಕುದುರೆಯ ಕತ್ತಿನ ಮೇಲೆ ದಾಟಿಸಿ, ತೊಡೆ ಉರಿಯುವವರೆಗೆ ಸುತ್ತು.

"ಹಾಗಾದರೆ ಇವತ್ತು ಹಾಗೇ" ಎಂದರು.

ರಿಕಾಪು ಬಿಟ್ಟ ಕೂಡಲೇ ನನ್ನ ಕಾಲು ತಾನಾಗಿ ಉದ್ದವಾಯಿತು. ಹಿಮ್ಮಡಿಯಿಂದ ಒತ್ತಲು ಏನೂ ಇರಲಿಲ್ಲ, ಮೊಣಕಾಲು ಬಿಗಿಯಲು ಆಧಾರವಿರಲಿಲ್ಲ. ಸೊಂಟ ಮಾತ್ರ ಹದಿನೈದು ವರ್ಷದ ಹಿಂದೆ ಕಲಿತದ್ದನ್ನು ನೆನೆಸಿಕೊಂಡು ಭೋಲಾನ ಬೆನ್ನಿನ ಜೊತೆ ಹೋಗತೊಡಗಿತು. "ಎಣಿಸಿ ತಾಈ, ನಿಮ್ಮ ಭಾಷೆಯಲ್ಲೇ ಎಣಿಸಿ" ಎಂದರು. "ಏಕ್ ದೋ" ಎಂದು ಶುರು ಮಾಡಿದೆ, ಭುಜ ಬಿಗಿಯಾಯಿತು. "ಒಂದೆರಡು, ಒಂದೆರಡು" ಎಂದೆ. ಪರೇಡಿನ ನೆನಪು ಹೋಗಿ ಅಜ್ಜಿ ರೊಟ್ಟಿ ಬಡಿಯುವ ಲಯ ಬಂತು. ಒಂದು ಎಂದಾಗ ಎಡ ಹಿಂಗಾಲು ನನ್ನ ಕೆಳಗೆ ನೆಲ ತಾಕಿದ್ದು ಗೊತ್ತಾಯಿತು. ಕಣ್ಣು ಮುಚ್ಚದೆಯೇ ಗೊತ್ತಾಯಿತು.

ಇಳಿದಾಗ ಕೋಚ್ ಹೇಳಿದ್ದು ಇಷ್ಟು: "ಈ ಕೂರುವ ಬಗೆ ನಾನು ಕಲಿಸಿದ್ದಲ್ಲ. ನಿಮ್ಮ ಉಸ್ತಾದರಿಗೆ ನನ್ನ ನಮಸ್ಕಾರ ಹೇಳಿ."

ನಮಸ್ಕಾರ ತಲುಪಿತು

ಉಸ್ತಾದ್ ನಿವೃತ್ತರಾಗಿ ತಮ್ಮ ಹಳ್ಳಿಯಲ್ಲಿದ್ದಾರೆ. ಹಳೆಯ ಸಹಪಾಠಿಗಳ ಮೂಲಕ ನಂಬರ್ ಸಿಕ್ಕಿತು. ಫೋನ್ ಮಾಡುವ ಮೊದಲು ಅರ್ಧ ಗಂಟೆ ಪೀಠಿಕೆ ಸಿದ್ಧಪಡಿಸಿದೆ. ನಿಮ್ಮ ನಾಣ್ಯದ ಪಾಠವನ್ನು ಬಿಡುತ್ತಿದ್ದೇನೆ ಎಂದು ಗುರುವಿಗೆ ಹೇಳುವುದು ಹೇಗೆ?

ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. ಇನ್ನೂ ಸವಾರಿ ಮಾಡುತ್ತೀಯಾ ಎಂದರು. ಹೌದೆಂದು ಎಲ್ಲ ಹೇಳಿದೆ, ನಾಣ್ಯದ್ದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಜೋರಾಗಿ ನಕ್ಕರು.

"ಬೇಟಾ, ನನ್ನ ಹತ್ತಿರ ಮೂವತ್ತು ಮಕ್ಕಳು, ಹತ್ತು ಕುದುರೆ, ಪರೇಡಿಗೆ ನಾಲ್ಕು ತಿಂಗಳು. ಒಬ್ಬೊಬ್ಬರನ್ನೂ ಏನನ್ನಿಸಿತು ಎಂದು ಕೇಳುತ್ತಾ ಕೂತರೆ ಮೂವತ್ತೂ ಜನ ಬೀಳುತ್ತಿದ್ದಿರಿ. ಯಾರೂ ಸಾಯಬಾರದು, ಯಾರ ಕೈಕಾಲೂ ಮುರಿಯಬಾರದು. ಅದಕ್ಕೆ ನಾಣ್ಯ. ಈಗ ನಿನಗೆ ಒಂದು ಕುದುರೆ, ಒಬ್ಬ ಗುರು, ಸಮಯವೂ ಇದೆ. ಈಗ ಕಲಿ."

ಇಷ್ಟು ವರ್ಷ ಅವರ ಪದ್ಧತಿಯನ್ನು ಅವರ ಸ್ವಭಾವ ಎಂದುಕೊಂಡಿದ್ದೆ. ಅದರ ಹಿಂದೆ ಮೂವತ್ತು ತಾಯಂದಿರಿಗೆ ಉತ್ತರ ಕೊಡಬೇಕಾದ ಒಬ್ಬ ಮನುಷ್ಯನ ಲೆಕ್ಕಾಚಾರ ಇತ್ತು ಎಂದು ಹೊಳೆದಿರಲಿಲ್ಲ. ಹಾಗೆಯೇ ಪನ್ವೇಲಿನ ಪದ್ಧತಿಗೂ ಒಂದು ಲೆಕ್ಕವಿದೆ. ಬಂದವರು ದೊಡ್ಡವರು, ವಾರಕ್ಕೊಮ್ಮೆ ಬರುವವರು. ಮೈ ಬಿಗಿದಿರುತ್ತದೆ, ಉಳಿದ ಆರು ದಿನ ಕೋಚ್ ಜೊತೆಗಿರುವುದಿಲ್ಲ. ಕೇಳಿ ಕೇಳಿ ತಾವೇ ಗಮನಿಸುವ ಅಭ್ಯಾಸ ಹತ್ತಿಸದಿದ್ದರೆ ಮುಂದಿನ ಭಾನುವಾರಕ್ಕೆ ಎಲ್ಲವೂ ಆವಿ.

ಈ ಮಾತು ಆಫೀಸಿಗೂ ಬಂತು. ಹೈನು ಸಾಕಣೆಯ ಊರುಗಳಿಗೆ ಹೋಗುವ ಹೊಸ ಹುಡುಗರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಚಿಕ್ಕೋಡಿ ಕಡೆಯ ಒಬ್ಬ ಹುಡುಗನಿದ್ದಾನೆ. ಅವನ ವರದಿ ನೋಡಿದರೆ ಸಾಕು, ನನ್ನೊಳಗಿನ ದಫೇದಾರ ಎದ್ದು ನಿಲ್ಲುತ್ತಿದ್ದ. ಪರೇಡಿನ ಅವಸರವಾಗಲಿ, ಮೂವತ್ತು ಜನರ ಜವಾಬ್ದಾರಿಯಾಗಲಿ ಇಲ್ಲದೆ, ಉಸ್ತಾದರ ಕೂಗನ್ನು ಮಾತ್ರ ಇಟ್ಟುಕೊಂಡಿದ್ದೆ. ಹೋದ ತಿಂಗಳು ಅವನಿಗೆ ಫೋನ್ ಮಾಡಿ, "ಆ ಕೊಟ್ಟಿಗ್ಯಾಗ ನೀ ಏನ ನೋಡಿದಿ, ಹೇಳಪಾ" ಎಂದೆ. ಅವನು ಅನುಮಾನದಿಂದಲೇ ಶುರು ಮಾಡಿ ಹತ್ತು ನಿಮಿಷ ಮಾತಾಡಿದ. ವರದಿಯಲ್ಲಿ ಇಲ್ಲದ ಮೂರು ವಿಷಯ ಅದರಲ್ಲಿದ್ದವು.

ಗುರು ಬದಲಿಸುವವರಿಗೆ

ವರ್ಗವಾಗಿ ಊರು ಬಿಟ್ಟವರಿಗೆ ಗುರು ಬದಲಾಗುವುದು ತಪ್ಪದು. ಮಗಳ ಭರತನಾಟ್ಯ ಇರಲಿ, ಮಗನ ಈಜು ಇರಲಿ, ನಮ್ಮದೇ ಸಂಗೀತ ಇರಲಿ. ಹಾಗಾಗಿ ನಾನು ಭುಜ ನೋಯಿಸಿಕೊಂಡು ಕಲಿತದ್ದನ್ನು ಹೇಳಿಬಿಡುತ್ತೇನೆ. ಮೊದಲ ದಿನವೇ ಹಿಂದಿನ ಗುರು ಏನು ಕಲಿಸಿದ್ದರು ಎಂದು ಹೊಸಬರಿಗೆ ತಿಳಿಸಿ. ನಾನು ಅದನ್ನು ಹೇಳದೆ ಎರಡು ತಿಂಗಳು ಕಳೆದೆ. ಹೊಸ ಪದ್ಧತಿ ತಪ್ಪೆನಿಸಿದರೆ ಜಗಳವಾಡದೆ "ಯಾಕೆ" ಎಂದು ಕೇಳಿ. ಕಾರಣ ಹೇಳಬಲ್ಲ ಗುರುವಾದರೆ ಎರಡು ಮೂರು ತಿಂಗಳು ಕೊಡಿ, ಮೈ ಹಳೆಯದನ್ನು ಬಿಡಲು ಅಷ್ಟು ಕಾಲ ಬೇಕು. ಕುದುರೆಯನ್ನು ಹೊಡೆಯುವ, ಹೆಲ್ಮೆಟ್ ಇಲ್ಲದೆ ಹತ್ತಿಸುವ, ನೋವಿದೆ ಎಂದರೂ ಕೇಳದ ಕಡೆ ಒಂದು ದಿನವೂ ಇರಬೇಡಿ. ಅದು ಪದ್ಧತಿಯ ಭೇದವಲ್ಲ.

ಮೊಣಕಾಲು ಇನ್ನೂ ಪೂರ್ತಿ ಸಡಿಲವಾಗಿಲ್ಲ. ಭೋಲಾ ಜೋರಾದರೆ ನಾಲ್ಕರಲ್ಲಿ ಒಂದು ಸಲ ಈಗಲೂ ಬಿಗಿಯುತ್ತೇನೆ, ಅವನೂ ನಾಲ್ಕರಲ್ಲಿ ಒಂದು ಸಲ ಈಗಲೂ ಓಡುತ್ತಾನೆ. ನೆಲದಿಂದ ಒಂದಡಿ ಎತ್ತರದ ಅಡ್ಡಗಂಬ ಜಿಗಿಯುವುದು ಯಾವಾಗ ಎಂದು ಕೇಳಿದರೆ, "ನಿಮಗೆ ಯಾವಾಗ ಅನ್ನಿಸುತ್ತದೆ ತಾಈ?" ಎನ್ನುತ್ತಾರೆ ಕೋಚ್. ಇನ್ನೂ ಅನ್ನಿಸಿಲ್ಲ.

ಅಂದ ಹಾಗೆ, ನಾನು ಬಿದ್ದ ಸುದ್ದಿ ಹೇಳಿದಾಗ ಉಸ್ತಾದ್ ಮೊದಲು ಕೇಳಿದ್ದು ನನ್ನ ಭುಜದ ಬಗ್ಗೆ ಅಲ್ಲ. "ಘೋಡಾ ಠೀಕ್ ಹೈ ನಾ?" ಎಂದು. ಪನ್ವೇಲಿನಲ್ಲಿ ಅವತ್ತು ನನ್ನ ಕಣ್ಣು ಕತ್ತು ನೋಡಿ ಮುಗಿಸಿದ ಕೂಡಲೇ ಕೋಚ್ ಹೋಗಿ ಬಗ್ಗಿ ಮುಟ್ಟಿ ನೋಡಿದ್ದು ಭೋಲಾನ ನಾಲ್ಕೂ ಕಾಲುಗಳನ್ನು. ಇಬ್ಬರನ್ನೂ ಒಮ್ಮೆ ಭೇಟಿ ಮಾಡಿಸಬೇಕು ಅಂದುಕೊಂಡಿದ್ದೇನೆ.

(ಲೇಖಕಿ ಪಶುವೈದ್ಯೆ. ನವಿ ಮುಂಬೈಯಲ್ಲಿ ಉದ್ಯೋಗ, ದಿವಾದಲ್ಲಿ ವಾಸ.)